ಭದ್ರೆಯ ಬಂಡೆಯ ಮೇಲೆ ಕೂತ ಭಾನುವಾರ

ಜನವರಿಯ ಆ ಭಾನುವಾರ ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಯಿಂದ ಹೊರಟಾಗ ಎದುರು ಮನೆಯ ಗೇಟೂ ಕಾಣದಷ್ಟು ಮಂಜು. ನಾವು ನಾಲ್ವರು: ನಾನು, ನನ್ನ ಗಂಡ ರಮೇಶ, ಏಳನೇ ಕ್ಲಾಸಿನ ಮಗಳು ಸಿಂಚನ, ಮತ್ತು ಮೊದಲ ಸಲ ನಮ್ಮ ಜೊತೆ ಹೊರಟಿದ್ದ ಅತ್ತೆ. ಮಗಳ ಕೊರಳಲ್ಲಿ ದುರ್ಬೀನು, ಅತ್ತೆಯ ಕೈಯಲ್ಲಿ ಬುತ್ತಿಯ ಚೀಲ. ನಾನು ಮಾತ್ರ ಬರಿಗೈ. ಏನನ್ನೂ ಹೊರಕೂಡದೆಂದು ಮೂವರೂ ಕಟ್ಟಪ್ಪಣೆ ಮಾಡಿದ್ದರು.

ಭಾನುವಾರ ಬೆಳಿಗ್ಗೆ ಕಾಡು, ಕೆರೆ, ಹೊಳೆದಂಡೆ ಎಂದು ತಿರುಗುವುದು ನಮ್ಮ ಮನೆಯ ಅಭ್ಯಾಸ. ಸಿಂಚನ ಚಿಕ್ಕವಳಿದ್ದಾಗ ತ್ಯಾವರೆಕೊಪ್ಪಕ್ಕೆ ಹುಲಿ ತೋರಿಸಲು ಕರೆದುಕೊಂಡು ಹೋಗಿದ್ದೆವು. ಅವಳು ಹುಲಿಯನ್ನು ಒಂದು ಸಲ ನೋಡಿದವಳು, ಆಮೇಲೆ ಗೇಟಿನ ಹೊರಗೆ ಮರ ಕುಟ್ಟುತ್ತಿದ್ದ ಮರಕುಟಿಗನ ಕೆಳಗೆ ನಿಂತು, ಬಸ್ಸು ಬಂದರೂ ಕದಲಲಿಲ್ಲ. ಮುಂದಿನ ವಾರವೂ ಬರೋಣ ಎಂದಳು. ಹಾಗೆ ಶುರುವಾದದ್ದು. ಅತ್ತೆ ಮಾತ್ರ ಬರುತ್ತಿರಲಿಲ್ಲ. ಹಕ್ಕಿಗಳು ನಮ್ಮ ತಾರಸಿಗೇ ಬರುವಾಗ ಅವನ್ನು ನೋಡಲು ಬಸ್ಸು ಯಾಕೆ ಹತ್ತಬೇಕು ಎನ್ನುವುದು ಅವರ ವಾದ.

ಕಳೆದ ಮಳೆಗಾಲದ ಕೊನೆಗೆ ನನಗೆ ಚಿಕೂನ್‌ಗುನ್ಯಾ ಬಂತು. ಜ್ವರ ಬಿಟ್ಟರೂ ಕೀಲುನೋವು ಬಿಡಲಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳಿಸಲು ಒಬ್ಬರು ಬೇಕಾಗುತ್ತಿತ್ತು. ತಿರುಗಾಟ ನಿಂತಿತು. ನೀವಿಬ್ಬರೇ ಹೋಗಿ ಬನ್ನಿ ಎಂದರೆ ಅಪ್ಪ, ಮಗಳು ಒಪ್ಪಲಿಲ್ಲ. ನೋಡನೋಡುತ್ತ ಭಾನುವಾರವೆಂದರೆ ತಡವಾಗಿ ಎದ್ದು, ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂರುವುದಾಯಿತು. ನೋವಿಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಭದ್ರಾವತಿಯ ಹೊಳೆದಂಡೆ ಸಮತಟ್ಟಾಗಿದೆ, ನಡೆಯಬಲ್ಲೆ ಎಂದು ಹಠ ಹಿಡಿದೆ. ಪೂರ್ತಿ ವಾಸಿಯಾಗಲಿ ಎಂದರು ರಮೇಶ. ಅವಳನ್ನು ನೋಡಿಕೊಳ್ಳಲು ನಾನೂ ಬರುತ್ತೇನೆ ಎಂದು ಅತ್ತೆ ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಸರ್ಕಾರಿ ಬಸ್ಸು ಸಿಕ್ಕಿತು. ಹೆಂಗಸರಿಗೆ ಪ್ರಯಾಣ ಉಚಿತವಾದ್ದರಿಂದ ದುಡ್ಡು ಕೊಟ್ಟವರು ರಮೇಶ ಒಬ್ಬರೇ. ಅತ್ತೆಗೆ ಅದರಿಂದ ಬಹಳ ಸಂತೋಷವಾಯಿತು. ದಾರಿಯಲ್ಲಿ ನಿದಿಗೆ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸಿಂಚನ ಕಿಟಕಿಯ ಗಾಜನ್ನು ತೋಳಿನಿಂದ ಒರೆಸಿ ಅಜ್ಜಿಗೆ ಬೆಳ್ಳಕ್ಕಿಗಳ ಸಾಲು ತೋರಿಸಿದಳು. ಅತ್ತೆ ನೋಡಿ, ಚಳಿಯಾಗುತ್ತದೆ, ಕಿಟಕಿ ತೆರೆಯಬೇಡ ಎಂದರು.

ಭದ್ರಾವತಿಯಲ್ಲಿ ಇಳಿದು ಒಂದು ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿದೆವು. ಒಳಗೆ ಯಾರೋ ತಮಿಳಿನಲ್ಲಿ ಜಗಳವಾಡುತ್ತಿದ್ದರು, ಗಲ್ಲಾದಲ್ಲಿ ಕೂತವರು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಅಲ್ಲಿಂದ ಆಟೋ ಹಿಡಿದು ಊರು ದಾಟಿ, ಹೊಳೆ ಹರಿದು ಬರುವ ಕಡೆಗೆ ಹೋದೆವು. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, ಇನ್ನೂ ಮುಂದೆ ಹೋದರೆ ಮರಗಳು ದಟ್ಟ, ಹಕ್ಕಿಗಳೂ ಜಾಸ್ತಿ ಎಂದಳು. ಅಲ್ಲಿಗೆ ಹೋಗಬೇಕೆಂದು ನನಗೆ ಆಸೆಯಾಯಿತು.

ಆದರೆ ಅರ್ಧ ದಾರಿಯಲ್ಲೇ ಮಂಡಿ ಕೈಕೊಟ್ಟಿತು. ನೀರಿನ ಪಕ್ಕದ ಅಗಲವಾದ ಬಂಡೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಏಳಲು ಹೋದರೆ ಕಾಲು ನೆಟ್ಟಗಾಗಲಿಲ್ಲ. ರಮೇಶ ತೋಳು ಹಿಡಿದು ಎಬ್ಬಿಸಲು ನೋಡಿದರು. ನೋವಿಗೆ ಬೇಡವೆಂದು ಕೈ ಬಿಡಿಸಿಕೊಂಡೆ. ನಾನು ಹೇಳಿದ್ದೆ ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ಅವರು ಸುಮ್ಮನಿದ್ದದ್ದಕ್ಕೇ ನನಗೆ ಅಳು ಬಂತು. ಸಿಂಚನ ಹೊಳೆಯ ಕಡೆ ತಿರುಗಿ, ಏನೂ ಕಾಣದವಳ ಹಾಗೆ ನಿಂತಳು. ನನ್ನಿಂದಾಗಿ ಎಲ್ಲರೂ ವಾಪಸು ಹೋಗಬೇಕಾಯಿತಲ್ಲ, ಇನ್ನು ಇವರು ಯಾರೂ ಹೊರಡುವುದಿಲ್ಲ ಎಂದು ನನ್ನೊಳಗೆ ಒಂದೇ ಯೋಚನೆ.

ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತು ಬುತ್ತಿ ಬಿಚ್ಚಿದರು.

"ಅಳೋದ್ಯಾಕೆ ಮಾರಾಯ್ತಿ? ಅಲ್ಲಿರೋ ಹೊಳೆನೇ ಇಲ್ಲೂ ಇದೆ. ಇಲ್ಲೇ ಕೂತು ನೋಡಣ."

ಅಕ್ಕಿರೊಟ್ಟಿ, ಬೆಣ್ಣೆ, ಹಸಿಮೆಣಸಿನ ಕಾಯಿಚಟ್ನಿ. ರೊಟ್ಟಿಯನ್ನು ಚೂರು ಮಾಡಿ ಅತ್ತೆ ನನ್ನ ಕೈಗೆ ಕೊಟ್ಟರು. ತಿಂದಾದ ಮೇಲೆ ಯಾರೂ ಏಳಲಿಲ್ಲ. ಬಿಸಿಲು ಬಿತ್ತು, ಬಂಡೆ ಬೆಚ್ಚಗಾಯಿತು. ಹಿಂದೆಲ್ಲ ನಾವು ಹೀಗೆ ಕೂತವರೇ ಅಲ್ಲ. ಒಂದು ಹಕ್ಕಿ ಕಂಡ ಕೂಡಲೇ ಮುಂದಿನದನ್ನು ಹುಡುಕಿಕೊಂಡು ಹೊರಡುತ್ತಿದ್ದೆವು. ಒಂದು ಮಿಂಚುಳ್ಳಿ ಅದೇ ಕೊಂಬೆಗೆ ಮತ್ತೆ ಮತ್ತೆ ಬಂದು ಕೂತಿತು. ಅತ್ತೆಗೆ ತೂಕಡಿಕೆ ಬಂದಿದೆ ಎಂದುಕೊಂಡೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಮಗನ ಭುಜ ತಟ್ಟಿದರು.

"ಯಾರ ಮನೆ ನಾಯಿಗಳೋ ನೀರಿಗೆ ಬಿದ್ದಾವೆ ನೋಡೋ ರಮೇಶ."

ಸಿಂಚನ ದುರ್ಬೀನು ಎತ್ತಿ ನೋಡಿ ಪಿಸುಗುಟ್ಟಿದಳು. "ಅಜ್ಜೀ, ಅದು ನೀರುನಾಯಿ. ಅಲ್ಲಾಡ್ಬೇಡ."

ಇಷ್ಟು ವರ್ಷ ತಿರುಗಿಯೂ ನಾವು ನೀರುನಾಯಿ ಕಂಡಿರಲಿಲ್ಲ. ಮರಳ ಮೇಲಿನ ಹೆಜ್ಜೆಗುರುತು ನೋಡಿದ್ದೆವು, ಅಷ್ಟೇ. ದೊಡ್ಡವು ಎರಡು, ಮರಿಗಳು ಮೂರು. ಒದ್ದೆ ಮೈ, ಚಪ್ಪಟೆ ತಲೆ, ಬಿಸಿಲಿಗೆ ಹೊಳೆಯುವ ಮೀಸೆ. ದೊಡ್ಡವುಗಳಲ್ಲಿ ಒಂದು, ಮೀನು ಹಿಡಿದು ಎದುರಿನ ಬಂಡೆ ಹತ್ತಿ, ಮುಂಗಾಲಲ್ಲಿ ಒತ್ತಿ ಹಿಡಿದು, ತಲೆಯ ಕಡೆಯಿಂದ ಕಚಕಚ ಅಗಿಯತೊಡಗಿತು. ಮರಿಗಳು ಸಿಳ್ಳೆ ಹಾಕಿದ ಹಾಗೆ ಕೂಗುತ್ತ ಅದರ ಮೇಲೆ ಬಿದ್ದವು. ನನ್ನ ಬೆರಳುಗಳಿಗೆ ದುರ್ಬೀನು ಹಿಡಿದಿರುವ ಶಕ್ತಿ ಇರಲಿಲ್ಲ. ಸಿಂಚನ ನನ್ನ ಹಿಂದೆ ಮಂಡಿಯೂರಿ, ಎರಡೂ ಕಡೆಯಿಂದ ಕೈ ಚಾಚಿ, ಅದನ್ನು ನನ್ನ ಕಣ್ಣಿಗೆ ಹಿಡಿದಳು. ಅವಳ ಗಲ್ಲ ನನ್ನ ತಲೆಗೆ ಒತ್ತಿತ್ತು. ತಮ್ಮ ಸರದಿ ಬಂದಾಗ ಅತ್ತೆ ಬಹಳ ಹೊತ್ತು ನೋಡಿದರು. ಮರಿಗೆ ಮೀನು ಸಿಗಲಿಲ್ಲವಲ್ಲ ಎಂದು ಮರುಗಿದರು, ಸಿಕ್ಕಾಗ ನಮಗೂ ಹೇಳಿದರು.

ಅವು ನೀರಿಗಿಳಿದು ಮರೆಯಾದ ಮೇಲೆ ನಾನು ಏಳಲು ಕೈ ಚಾಚಿದೆ. ಈ ಸಲ ಬಿಡಿಸಿಕೊಳ್ಳಲಿಲ್ಲ. ರಮೇಶ ನಿಧಾನವಾಗಿ ಎಬ್ಬಿಸಿ, ಆಟೋ ಸಿಗುವ ರಸ್ತೆಯವರೆಗೂ ನನ್ನ ಹೆಜ್ಜೆಗೇ ಹೆಜ್ಜೆ ಹಾಕಿದರು. ಇನ್ನು ಮೇಲೆ ಒಂದೇ ಜಾಗದಲ್ಲಿ ಕೂತು ನೋಡಿದರೆ ಹೇಗೆ ಎಂದು ಅವರೇ ಕೇಳಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಜನ ತುಂಬಿದ್ದರು. ಅತ್ತೆ ಕಿಟಕಿಯ ಪಕ್ಕದ ಸೀಟು ಹಿಡಿದು, ಸೇತುವೆ ದಾಟುವಾಗ ಗಾಜು ಸರಿಸಿ, ಹೊಳೆ ಕಣ್ಣಿಗೆ ಮರೆಯಾಗುವವರೆಗೆ ಕತ್ತು ಹೊರಳಿಸಿ ನೋಡಿದರು. ಆಗಲೇ ಸಾಗರದಿಂದ ನನ್ನ ನಾದಿನಿ ಅತ್ತೆಗೆ ಫೋನು ಮಾಡಿದಳು. ಮುಂದಿನ ವಾರ ಬರುತ್ತಾಳಂತೆ. ಬಸ್ಸಿನ ಸದ್ದಿಗೆ ಅತ್ತೆ ಗಟ್ಟಿಯಾಗಿಯೇ ಹೇಳಿದರು:

"ಶನಿವಾರನೇ ಬಂದ್ಬಿಡು ಕಣೆ. ಭಾನುವಾರ ಬೆಳಿಗ್ಗೆ ನಾವ್ಯಾರೂ ಮನೇಲಿರಲ್ಲ."