ನೀರು ಕುಡಿಯುವ ಕಪಾಟು

ಇವತ್ತು ಬೆಳಿಗ್ಗೆ ಕಪಾಟು ತೆರೆದಾಗ ಹಳೆಯ ಅತ್ತರಿನ ವಾಸನೆ ಬಂತು. ನಾನು ಅತ್ತರು ಹಚ್ಚುವವನಲ್ಲ. ಆ ವಾಸನೆ ಕಾಕನದು...

ಸೌದಿಯ ಥುಕ್ಬಾದಲ್ಲಿ ಕಾಕ ನನ್ನ ಪಕ್ಕದ ಕೋಣೆಯವರು. ಉಳ್ಳಾಲದ ಕಡೆಯ ಬ್ಯಾರಿ. ತಮ್ಮ ದೇಶಕ್ಕೆ ಮರಳುವ ಬಿಳಿಯರ ಸಾಮಾನು ಕೊಂಡು, ಕೆಳಗಿನ ಅಂಗಡಿಯಲ್ಲಿಟ್ಟು ಮಾರುತ್ತಿದ್ದರು. ಈ ಕಪಾಟನ್ನು ಮಾತ್ರ ಮಾರಲಿಲ್ಲ, ಕೋಣೆಗೇ ತಂದಿಟ್ಟುಕೊಂಡರು. ಇಂಗ್ಲೆಂಡಿನ ಓಕ್ ಮರದ್ದು, ನನ್ನ ಅಜ್ಜನಿಗಿಂತ ಹಳೆಯದು. ಬಾಗಿಲ ತುಂಬ ಎಲೆಗಳ ಕೆತ್ತನೆ, ನಡುವೆ ಒಂದು ಗಂಡಸಿನ ಮುಖ, ಅವನ ಬಾಯಿಂದಲೂ ಎಲೆ. ನಮಾಜಿನ ಹೊತ್ತಿಗೆ ಕಾಕ ಆ ಮುಖಕ್ಕೊಂದು ಬೈರಾಸು ಹೊದಿಸುತ್ತಿದ್ದರು.

ಏಸಿ ಗಾಳಿಗೆ ಮರ ಬಿರಿಯದಿರಲಿ ಎಂದು ಒಳಗೊಂದು ಲೋಟ ನೀರಿಡಬೇಕೆಂದು ಕಪಾಟು ಮಾರಿದ ಇಂಗ್ಲಿಷ್ ಹೆಂಗಸು ಹೇಳಿದ್ದಳಂತೆ. ಬೆಳಿಗ್ಗೆ ಇಟ್ಟ ನೀರು ಸಂಜೆಗೆ ಖಾಲಿ. ಅಷ್ಟು ಬೇಗ ನೀರು ಆರುತ್ತದೆಯೇ? ನನಗಂತೂ ಅರ್ಥವಾಗಲಿಲ್ಲ. ತೆರೆಯುವ ಮೊದಲು ಕಾಕ ಅದಕ್ಕೆ ಸಲಾಂ ಹೇಳುತ್ತಿದ್ದರು, ಖಾಲಿ ಮನೆಗೆ ಕಾಲಿಡುವಾಗ ಹೇಳುವ ಹಾಗೆ.

"ಎಂತ ಕಾಕ, ಒಳಗೆ ಯಾರುಂಟು?" ಎಂದು ಚುಡಾಯಿಸುತ್ತಿದ್ದೆ.

"ಇದ್ರೆ ಹೆದರ್ಬಾರ್ದಲ್ಲ ಮಾರಾಯ."

ಒಳಗೆ ಲೋಟದ ಪಕ್ಕ ಇದ್ದದ್ದು ಅವರ ಹಜ್ಜಿನ ಬಿಳಿ ಬಟ್ಟೆ. ಜಮ್‌ಜಮ್ ಬಾವಿಯ ಪವಿತ್ರ ನೀರಲ್ಲಿ ಅದ್ದಿ ಒಣಗಿಸಿ, ಅತ್ತರು ಹಾಕಿ ಮಡಚಿಟ್ಟಿದ್ದರು. ಸತ್ತಾಗ ಅದರಲ್ಲೇ ಸುತ್ತಬೇಕು, ಮಣ್ಣು ಎಲ್ಲಿಯದಾದರೂ ಸೈ. ಅವರಿಗಿದ್ದ ಆಸೆ ಅದೊಂದೇ.

ದಮ್ಮಾಮಿನ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿ ಕಾಕ ಹೋದರು. ಸಂಜೆಯ ಅಸರ್ ನಮಾಜಿನ ನಂತರ ದಫನ. ಬಟ್ಟೆ ಒಯ್ಯಲು ಮಧ್ಯಾಹ್ನ ಅವರ ಅಳಿಯ ಬಂದ. ಕಪಾಟಿನ ಕೀಲಿ ತಿರುಗಿತು, ಬಾಗಿಲು ಬರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಹೊತ್ತು ಮೀರುತ್ತಿತ್ತು. ಅಳಿಯ ಸುತ್ತಿಗೆ ಹುಡುಕತೊಡಗಿದ. ಇಷ್ಟು ಸಣ್ಣ ಆಸೆಯೂ ನಡೆಯದೇ ಹೋಗುತ್ತದಲ್ಲ ಎನಿಸಿತು ನನಗೆ. ಕೊನೆಗೆ ಆ ಎಲೆಯ ಮುಖದೆದುರು ನಿಂತು, ನಾಚಿಕೆ ಬಿಟ್ಟು, ಕಾಕ ಹೇಳುತ್ತಿದ್ದ ಹಾಗೆಯೇ ಸಲಾಂ ಹೇಳಿದೆ.

ಒಳಗೆಲ್ಲೋ ಮರ ಟಕ್ಕೆಂದಿತು. ಬಾಗಿಲು ತಾನಾಗಿ ಸರಿಯಿತು.

ಬಟ್ಟೆ ಇತ್ತು. ಪಕ್ಕದಲ್ಲಿ ಲೋಟ, ಅಂಚಿನವರೆಗೂ ನೀರು... ಎರಡು ವಾರದಿಂದ ಕೋಣೆಗೆ ಬೀಗ. ಅಳಿಯ ಲೋಟ ನೋಡಿದ, ನನ್ನನ್ನು ನೋಡಿದ, ಬಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದ. ಕಾಕ ತಮ್ಮ ಬಟ್ಟೆಯಲ್ಲೇ ಹೋದರು, ಅದೊಂದು ಸಮಾಧಾನ. ಕಪಾಟು ನೀವೇ ಇಟ್ಕೊಳ್ಳಿ ಅಣ್ಣ, ನನಗೆ ಬೇಡ ಎಂದು ಅಳಿಯ ಆಮೇಲೆ ಫೋನಿನಲ್ಲಿ ಹೇಳಿದ.

ಅಂದಿನಿಂದ ನೀರಿಡುವುದು ನಾನು, ಸಲಾಂ ಹೇಳುವುದೂ ನಾನೇ. ಇಷ್ಟು ವರ್ಷ ಲೋಟ ಸಂಜೆಗೆ ಖಾಲಿಯಾಗುತ್ತಿತ್ತು. ಮೊನ್ನೆ ಲೋಟ ಖಾಲಿಯಿದ್ದಾಗಲೇ ಕೆಲಸದ ಮೇಲೆ ಅಭಾ ಪಟ್ಟಣಕ್ಕೆ ಹೋಗಿದ್ದೆ, ಇಂದು ಬಂದೆ. ತೆರೆದು ನೋಡಿದರೆ ಲೋಟ ಅಂಚಿನವರೆಗೂ ತುಂಬಿದೆ, ಕಾಕ ಹೋದ ದಿನದ ಹಾಗೆಯೇ.

ಇದೇನೆಂದು ಕೇಳಬಹುದಾಗಿದ್ದವರು ಕಾಕ ಒಬ್ಬರೇ. ಅವರಿಲ್ಲ. ಇಂಥ ಹೊತ್ತಿಗೇ ಅವರ ನೆನಪು ಹೆಚ್ಚು ಕಾಡುತ್ತದೆ.

ಊರಿಗೆ ಫೋನ್ ಮಾಡಿದೆ. ಅಮ್ಮ ಚೆನ್ನಾಗಿದ್ದಾಳೆ, ಮಕ್ಕಳು ಶಾಲೆಗೆ ಹೋಗಿದ್ದಾರೆ ಎಂದಳು ಹೆಂಡತಿ. ಆಮೇಲೆ ಕೇಳಿದಳು:

"ನೀವು ಹುಷಾರಿದ್ದೀರಲ್ಲ?"