ಹೊಲಿಯದೆ ಬಿಟ್ಟ ಕಿಂಡಿ

ಮತ್ತೋಡಿನ ರುದ್ರಪ್ಪ ಸತ್ತದ್ದು ಹೆಂಡತಿ ಬಡಿಸಿದ ಮುದ್ದೆಯಿಂದಲ್ಲ. ಅವನ ಹೊಟ್ಟೆಯೊಳಗೆ ನಾನು ಹೊಲಿಯದೆ ಬಿಟ್ಟ ಒಂದು ಕಿಂಡಿಯಿಂದ. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ತಪ್ಪನ್ನು ಅವಳ ಮೇಲೆ ಹಾಕಿದೆ.

ಆಗ ನಾನು ಚಿತ್ರದುರ್ಗದ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರು. ರುದ್ರಪ್ಪನನ್ನು ಗಾಡಿಯಲ್ಲಿ ತಂದಾಗ ಮೂರು ದಿನದಿಂದ ಮಲವಿಲ್ಲ, ವಾಯುವಿಲ್ಲ. ಬರೀ ಹಸಿರು ವಾಂತಿ. ಹೊಟ್ಟೆ ಉಬ್ಬಿ, ಚರ್ಮದಡಿ ಕರುಳು ಹೊರಳುವುದು ಕಣ್ಣಿಗೇ ಕಾಣುತ್ತಿತ್ತು. ತೊಡೆಸಂದಿಯಲ್ಲಿ ಗಂಟಿಲ್ಲ, ಹೊಕ್ಕುಳಲ್ಲೂ ಇಲ್ಲ. ಹಾಗಾದರೆ ಕರುಳು ಒಳಗೇ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದು ಊಹಿಸಿ ಹೊಟ್ಟೆ ಕೊಯ್ದೆ. ಊಹೆ ನಿಜವಾಗಿತ್ತು. ಕರುಳನ್ನು ಬೆನ್ನಿಗೆ ಹಿಡಿದಿರುವ ತೆಳುವಾದ ಪೊರೆಯಲ್ಲಿ ಹುಟ್ಟಿನಿಂದಲೇ ಒಂದು ಕಿಂಡಿ. ಅದರಲ್ಲಿ ಮೊಳದಷ್ಟು ಕರುಳು ನುಗ್ಗಿ ಬಿಗಿದುಹೋಗಿತ್ತು. ಅಂಥದ್ದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದೆ. ಮೆಲ್ಲಗೆ ಎಳೆದೆ — ಬಂತು. ಬಿಸಿನೀರಿನ ಬಟ್ಟೆ ಹೊದಿಸಿ ಕಾದೆ. ನೇರಳೆ ಬಣ್ಣ ತಿಳಿಯಾಗುತ್ತಾ ಕೆಂಪಾಯಿತು.

ಆಮೇಲೆ ಆ ಕಿಂಡಿಗೆ ನಾಲ್ಕು ಹೊಲಿಗೆ ಹಾಕಬೇಕಿತ್ತು.

ಹಾಕಲಿಲ್ಲ. ಏಕೆ — ಇಲ್ಲಿ ನನ್ನ ನೆನಪು ಎರಡು ಮಾತಾಡುತ್ತದೆ. ಒಂದರಲ್ಲಿ, ಕ್ಲೋರೋಫಾರಂ ಹಿಡಿದಿದ್ದ ಕಾಂಪೌಂಡರ್ "ನಾಡಿ ಇಳೀತೈತೆ, ಬೇಗ ಮುಚ್ರಿ ಸ್ವಾಮಿ" ಎನ್ನುತ್ತಾನೆ. ಇನ್ನೊಂದರಲ್ಲಿ ಯಾರೂ ಏನೂ ಅನ್ನುವುದಿಲ್ಲ. ಕೆಂಪೇರಿದ ಕರುಳನ್ನು ನೋಡುತ್ತಾ, ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಾ ನಿಂತಿದ್ದೇನೆ. ಮೊದಲನೆಯದು ನನಗೆ ತೀರಾ ಅನುಕೂಲ — ಅದಕ್ಕೇ ಅದನ್ನು ನಂಬಲಾರೆ.

ರುದ್ರಪ್ಪ ಚೇತರಿಸಿಕೊಂಡ. ಮನೆಗೆ ಕಳಿಸುವಾಗ ಆರು ತಿಂಗಳು ಗಂಜಿಯ ಪಥ್ಯ ಹೇಳಿದೆ.

"ಆರು ತಿಂಗ್ಳಾ? ಅದ್ಕಿಂತ ಇನ್ನೊಂದ್ ಸಲ ಕೊಯ್ದುಬಿಡ್ರಿ ಸ್ವಾಮಿ" ಎಂದ.

"ಇವ್ರ ಬಾಯಿಗೂ ಎಲ್ಡು ಹೊಲಿಗೆ ಹಾಕ್ಬೇಕಿತ್ರಿ" ಎಂದಳು ಅವನ ಹೆಂಡತಿ ಗಂಗಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನಗೆ ಕಿಂಡಿಯ ನೆನಪಾಯಿತೇ? — ಆಯಿತು ಅನ್ನಿಸುತ್ತದೆ.

ಮೂರು ತಿಂಗಳಿಗೆ ಮತ್ತೆ ತಂದರು. ಕೊಯ್ದೆ. ಅದೇ ಕಿಂಡಿ, ಈ ಸಲ ಕರುಳು ಕಪ್ಪಾಗಿ ಕೊಳೆತಿತ್ತು. ಮೇಜಿನ ಮೇಲೆಯೇ ಪ್ರಾಣ ಹೋಯಿತು.

ಹೊರಗೆ ಜಗಲಿಯಲ್ಲಿ ಅವನ ತಾಯಿ ಮತ್ತು ಗಂಗಮ್ಮ ಒತ್ತಿಕೊಂಡು ಕುಳಿತಿದ್ದರು. ನನ್ನ ಮುಖ ನೋಡಿ ಮುದುಕಿಗೆ ತಿಳಿದುಹೋಯಿತು. "ಏನಾತಪ್ಪಾ? ಹೋದ್ಸಲ ಉಳಿಸ್ದಾತ ನೀನೇ ಅಲ್ಲೇನಪ್ಪಾ?" ಎಂದಳು. ಆ ಮಾತು ಕೇಳಿ — ಅವಳ ಕಣ್ಣಲ್ಲಿ ಉಳಿಸಿದವನಾಗಿಯೇ ಇರಬೇಕೆನಿಸಿತು. ಗಂಗಮ್ಮನ ಕಡೆ ತಿರುಗಿದೆ.

"ಏನು ಉಣ್ಣಿಸಿದೆ?"

"ಮುದ್ದೆ, ಸ್ವಾಮಿ. ಒಂದೇ ಒಂದು. ಅವ್ರೇ ಕಾಡಿ ಬೇಡಿ…"

"ಅಪಥ್ಯವಾಗಿದೆ" ಎಂದೆ.

ಇನ್ನೇನೂ ಹೇಳಬೇಕಾಗಲಿಲ್ಲ. ಕಿಂಡಿಯ ವಿಷಯವನ್ನು ಬಿಡಿಸಿ ಹೇಳಲು ಅರ್ಧ ದಿನ ಬೇಕಿತ್ತು. ಅಪಥ್ಯ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಮುದುಕಿ ಸೊಸೆಯ ಪಕ್ಕದಿಂದ ಎದ್ದು, ದೂರ ಹೋಗಿ ಕುಳಿತಳು. ನಾನು ಕೈ ತೊಳೆಯಲು ಒಳಗೆ ಹೋದೆ.

ಹದಿನೆಂಟು ವರ್ಷದ ಮೇಲೆ, ಕೆಲಸ ಬಿಟ್ಟವನು, ಮತ್ತೋಡಿಗೆ ಹೋದೆ. ಗಂಗಮ್ಮ ಅಂಗಳದಲ್ಲಿ ಹತ್ತಿ ಬಿಡಿಸುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಅಳುತ್ತಾಳೆ, ಶಪಿಸುತ್ತಾಳೆ — ಎರಡಕ್ಕೂ ಸಿದ್ಧನಾಗಿದ್ದೆ. ಅವಳ ಕೈ ನಿಲ್ಲಲೇ ಇಲ್ಲ.

"ಅತ್ತೆಮ್ಮ ಹೋಗಿ ಎಲ್ಡು ವರ್ಷ ಆತು" ಎಂದಳು. "ಸಾಯೋ ತನ್ಕ ನನ್ ಕೈಲಿ ಒಂದ್ ತುತ್ತು ಉಣ್ಲಿಲ್ಲ. ಮೇಲಕ್ಕೆ ಏಳಾಕಾಗ್ದಾಗೂ ಪಕ್ಕದ್ ಮನೆಯೋರು ತಂದ್ ಕೊಡ್ಬೇಕಿತ್ತು. ಅತ್ತೆಮ್ಮಂಗೆ ಹೇಳ್ಬೇಕಿತ್ತು, ಸ್ವಾಮಿ."

"ಊರವರ ಮುಂದೆ ಹೇಳ್ತೀನಿ."

"ಊರೋರು ಏನು ನನ್ ಜೊತೆ ಒಂದೇ ಮನೆಯಾಗೆ ಇದ್ರಾ?"

ಅವಳು ಎದ್ದು ಒಳಗೆ ಹೋಗಿ, ಚೊಂಬಿನಲ್ಲಿ ನೀರು ತಂದಳು. "ಬಿಸಿಲಾಗೆ ಬಂದೀರಿ, ಕುಡೀರಿ" ಎಂದು ಚೊಂಬನ್ನು ಹೊಸಿಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ಕೋಪದಿಂದಲ್ಲ — ತನ್ನ ಕೈಯಿಂದ ಯಾರೂ ಏನನ್ನೂ ತೆಗೆದುಕೊಳ್ಳದ ಮನೆಯಲ್ಲಿ ಬಾಳಿದವಳ ರೂಢಿ ಅದು.

ಕೈಗೇ ಕೊಡು ತಾಯಿ, ಎನ್ನಬೇಕಿತ್ತು. ಬಗ್ಗಿ ಎತ್ತಿಕೊಂಡು ಕುಡಿದೆ.