ಬಿಗಿಯಾಗಿ ಎಳೆದ ಛಾವಣಿ

ಸೀಟಣ್ಣ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಕಾರಾಗಲಿ ವ್ಯಾನಾಗಲಿ, ಹರಿದ ಸೀಟಿಗೆ ಹೊಸ ಹೊದಿಕೆ ಹಾಕಿ ಒಂದೇ ಒಂದು ಸುಕ್ಕು ಕಾಣದ ಹಾಗೆ ಎಳೆದು ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಆದರೆ ಹೊದಿಕೆ ಹೊಲಿಯುವವಳು ಅವನ ಅಕ್ಕ. ಅವನು ಹೊರಗೆ ಮರದ ನೆರಳಲ್ಲಿ ಗಾಡಿಗಳೊಳಗೆ ತೂರಿಕೊಂಡಿರುತ್ತಾನೆ. ಅಕ್ಕ ಒಳಗೆ, ತಗಡಿನ ಶೆಡ್ಡಿನಲ್ಲಿ, ಮೆಷಿನ್ನಿನ ಮುಂದೆ, ಬೆಳಗಿನಿಂದ ಸಂಜೆಯವರೆಗೆ.

ಬೇಸಿಗೆಯಲ್ಲಿ ಆ ಶೆಡ್ಡು ಹೇಗಿರುತ್ತದೆ ಅಂತೀರಿ? ಕಾದ ಬಾಣಲೆಯನ್ನು ತಲೆಯ ಮೇಲೆ ಬೋರಲು ಹಾಕಿದ ಹಾಗೆ. ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕ ಹೊಲಿಯುತ್ತಾ ಹೊಲಿಯುತ್ತಾ ಮೆಷಿನ್ನಿನ ಮೇಲೇ ಕುಸಿದುಬಿಟ್ಟಳು. ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಹೀಗಾದ್ರೆ ಇವ್ರನ್ನ ಆ ಶೆಡ್ಡಿಗೆ ಕಳಿಸೋ ಹಾಗಿಲ್ಲ" ಎಂದರು. ಹೊಲಿಗೆ ಬಿಡಿಸಿದರೆ ಅಕ್ಕ ಬದುಕಿದ್ದೂ ಇಲ್ಲದ ಹಾಗೆ. "ಛಾವಣಿಗೆ ಏನಾದ್ರೂ ಮಾಡ್ತೀನಿ ಅಕ್ಕ" ಎಂದು ಮಾತು ಕೊಟ್ಟ.

ಹಾರ್ಡ್‌ವೇರ್ ಅಂಗಡಿಗೆ ಈ ವರ್ಷ ಬೇಸಿಗೆಗೆ ಮುಂಚೆಯೇ ಹೋದ. ಯಜಮಾನರು ಸೆಕೆ ತಡೆಯುವ ಸಾಮಾನನ್ನು ಒಂದೊಂದೇ ತೆಗೆದು ತೋರಿಸಿದರು.

"ಥರ್ಮಾಕೋಲ್ ಎಲ್ಲಕ್ಕಿಂತ ಅಗ್ಗ. ಆದ್ರೆ ನಿಮ್ಮಲ್ಲಿ ಫೋಮು, ಗಮ್ಮು ತುಂಬಿದೆ. ಒಂದು ಕಿಡಿ ಬಿದ್ರೆ ಮುಗೀತು ಕಥೆ."

"ಬೇಡಪ್ಪಾ ಬೇಡ."

"ಗಾಜಿನ ಹತ್ತಿ, ಅದೇ ಗ್ಲಾಸ್ ವೂಲ್, ಒಳ್ಳೇದು. ಕೆಳಗೆ ಹಲಗೆ ಹೊಡೀಬೇಕು ಅಷ್ಟೆ, ಇಲ್ಲಾಂದ್ರೆ ಮೈಯೆಲ್ಲಾ ತುರಿಕೆ."

ಹಲಗೆ ಎಂದೊಡನೆ ಸೀಟಣ್ಣ ಜೇಬು ಮುಟ್ಟಿಕೊಂಡ. ಯಜಮಾನರಿಗೆ ಅರ್ಥವಾಯಿತು. ಒಂದು ಸುರುಳಿ ಬಿಚ್ಚಿದರು: ಒಂದು ಬದಿ ಬೆಳ್ಳಿಯ ಹೊಳಪು, ಇನ್ನೊಂದು ಬದಿ ಬಿಳಿ, ನಡುವೆ ಗಾಳಿಗುಳ್ಳೆ.

"ಇದು ನಿಮಗೆ ಗಿಟ್ಟುತ್ತೆ. ಹೊಳಪು ಮೇಲಕ್ಕಿರ್ಲಿ, ಆದ್ರೆ ತಗಡಿಗೆ ತಾಗಿಸ್ಬೇಡಿ. ನಾಲ್ಕು ಬೆರಳು ಜಾಗ ಬಿಟ್ಟು, ತಂತಿ ಕಟ್ಟಿ ಸಡಿಲವಾಗಿ ಹಾಸಿ. ಆ ಖಾಲಿ ಜಾಗಾನೇ ಕೆಲಸ ಮಾಡೋದು."

"ಸಡಿಲಾನಾ? ಯಜಮಾನ್ರೇ, ಎಳೆದು ಕೂರಿಸೋದೇ ನನ್ನ ಕಸುಬು. ಜೋತು ಬಿದ್ದಿರೋದನ್ನ ನೋಡಿ ಗಿರಾಕಿಗಳು ನಗಲ್ವಾ?"

"ನಗ್ಲಿ ಬಿಡಿ. ಸೆಕೆಗೇನು ಅಂದಚೆಂದ ಕಾಣುತ್ತಾ?"

ಸೀಟಣ್ಣ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಸೀಟಿಗೆ ಹಚ್ಚುವ ಗಮ್ಮನ್ನೇ ತಗಡಿಗೆ ಬಳಿದು, ಹೊಳೆಯುವ ಬದಿಯನ್ನು ಅದಕ್ಕೇ ಮೆತ್ತಿ, ಮೂಲೆಯಿಂದ ಮೂಲೆಗೆ ಎಳೆದು ಕೂರಿಸಿದ. ಕೆಳಗಿನಿಂದ ನೋಡಿದರೆ ಹೊಸ ಕಾರಿನ ಒಳಗೆ ಕೂತ ಹಾಗೆ! ಅಚ್ಚ ಬಿಳುಪು, ಸುಕ್ಕಿನ ಹೆಸರಿಲ್ಲ. ಬಂದವರನ್ನೆಲ್ಲ ಒಳಗೆ ಕರೆದು ತೋರಿಸಿದ.

"ಎಷ್ಟು ತಂಪಿದೆ ಅಂತ ನಮ್ಮಕ್ಕನ್ನೇ ಕೇಳಿ. ಹೇಳಕ್ಕ!"

"ಹೂಂ, ತುಂಬಾ ವಾಸಿ" ಎನ್ನುತ್ತಿದ್ದಳು ಅಕ್ಕ, ತಲೆ ಎತ್ತದೆ.

ಬೇಸಿಗೆ ಏರಿತು. ಒಂದು ಮಧ್ಯಾಹ್ನ ಶಾಲಾ ವ್ಯಾನಿನ ಡ್ರೈವರ್ ಒಂದು ಹೊದಿಕೆ ಹಿಡಿದುಕೊಂಡು ಬಂದ. ಹೊಲಿಗೆ ಹಾವು ಹರಿದ ಹಾಗೆ ಸೊಟ್ಟಗೆ ಹೋಗಿತ್ತು. ಸೀಟಣ್ಣನ ಮುಖ ಕೆಂಪಾಯಿತು. ಡ್ರೈವರ್ ಎದುರಿಗೇ ಅಕ್ಕನ ಮೇಲೆ ಹರಿಹಾಯ್ದ.

"ಏನಕ್ಕ ಇದು? ಕಣ್ಣು ಎಲ್ಲಿಟ್ಟಿದ್ದೆ? ಇಷ್ಟು ತಂಪಲ್ಲಿ ಕೂತ್ಕೊಂಡು ಒಂದು ನೇರ ಹೊಲಿಗೆ ಹಾಕೋಕೆ ಆಗಲ್ವಾ?"

ಅಕ್ಕ ಎದ್ದಳು. "ಕಪ್ಪು ದಾರ ಮುಗಿದಿದೆ, ತರ್ತೀನಿ" ಎಂದು ಚೀಲ ಹಿಡಿದು ಹೊರಟಳು. ಡ್ರೈವರ್ ಮರದ ಕೆಳಗೆ ಕೂತ. ಸೀಟಣ್ಣ ಗೊಣಗುತ್ತಾ, ಉಳಿದಿದ್ದ ತುಂಡು ದಾರದಲ್ಲೇ ತಾನೇ ಹೊಲಿದುಬಿಡೋಣವೆಂದು ಅಕ್ಕನ ಜಾಗದಲ್ಲಿ ಕೂತ.

ಕೂತು ಹತ್ತು ನಿಮಿಷವಾಗಿರಲಿಲ್ಲ, ನೆತ್ತಿಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಕಾದ ಗಮ್ಮಿನ ವಾಸನೆ ಗಂಟಲಿಗಿಳಿಯಿತು. ಬೆವರು ಕಣ್ಣಿಗೆ ಸೇರಿ ಸೂಜಿ ಎರಡೆರಡಾಗಿ ಕಂಡಿತು. ಅವನ ಹೊಲಿಗೆ ಅಕ್ಕನದಕ್ಕಿಂತ ಸೊಟ್ಟಗೆ ಹೋಯಿತು. ಕಾಲು ಚಾಚಿದರೆ ತಣ್ಣಗೆ ಏನೋ ತಗುಲಿತು. ಬಗ್ಗಿ ನೋಡಿದ. ಮೆಷಿನ್ನಿನ ಕೆಳಗೆ ಒಂದು ಬೇಸಿನ್ ನೀರು, ಅದರ ಅಂಚಿಗೆ ಹಿಂಡಿ ಹಾಕಿದ ಟವೆಲ್. ನೀರಿನಲ್ಲಿ ಕಾಲಿಟ್ಟುಕೊಂಡು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಬಂದವರಿಗೆಲ್ಲ "ತುಂಬಾ ವಾಸಿ" ಎಂದಿದ್ದಳು ಅಕ್ಕ.

ಸೀಟಣ್ಣನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಹೋಗಬೇಕು ಅನ್ನಿಸಿತು. ಒಂದು ದಿನವಾದರೂ ಇಲ್ಲಿ ಕೂತು ನೋಡಿದ್ದನೆ? ಎರಡು ನಿಮಿಷ ಒಳಗೆ ಬಂದು, ಹೊಗಳಿಸಿಕೊಂಡು, ನೆರಳಿಗೆ ಹೋಗುತ್ತಿದ್ದ.

ಅಕ್ಕ ಬಂದಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಯಾಕಕ್ಕ ಹೇಳ್ಲಿಲ್ಲ?"

"ಅಷ್ಟು ಖುಷಿಯಾಗಿ ಎಲ್ಲರಿಗೂ ತೋರಿಸ್ತಿದ್ದೆ. ನಿನ್ನ ಮುಖ ನೋಡಿ ಬಾಯಿ ಬರ್ಲಿಲ್ಲ ಕಣೋ."

ಬೈದಿದ್ದರೆ ಎಷ್ಟೋ ಮೇಲಿತ್ತು. ಗಮ್ಮು ಬಿಟ್ಟುಕೊಂಡಿತು ಎಂದು ಸುಳ್ಳು ಹೇಳಿ ಸದ್ದಿಲ್ಲದೆ ಹಾಳೆ ಕಿತ್ತುಬಿಡಬಹುದಿತ್ತು. ಆ ಯೋಚನೆ ಬಂತು ಕೂಡ. ಆದರೆ ಬೈದದ್ದು ಡ್ರೈವರ್ ಎದುರಿಗೆ, ತಪ್ಪೊಪ್ಪಿಕೊಳ್ಳುವುದೂ ಅವನೆದುರಿಗೇ ಆಗಬೇಕು. ಬಾಗಿಲಿಗೆ ಹೋಗಿ ಡ್ರೈವರನ್ನು ಕೂಗಿದ.

"ಇಲ್ಲಿ ಬಾರಯ್ಯಾ. ಹೊಲಿಗೆ ಸೊಟ್ಟಗಾಗಿದ್ದು ನಮ್ಮಕ್ಕನ ತಪ್ಪಲ್ಲ, ನಂದು. ಅಂಗಡಿಯವ್ರು ಹೇಳಿದ್ದನ್ನ ಕೇಳದೆ ಈ ಹಾಳೇನ ತಗಡಿಗೇ ಅಂಟಿಸ್ಬಿಟ್ಟೆ. ಒಳಗೆ ಬೆಂದುಹೋಗ್ತಿದ್ದಾಳೆ. ಅವಳಿಗೇ ಬೈದೆ."

ಡ್ರೈವರ್ ಕತ್ತೆತ್ತಿ ಛಾವಣಿ ನೋಡಿದ, ಆಮೇಲೆ ಅವನನ್ನು. "ಹಾಗಾದ್ರೆ ಬೈಸ್ಕೋಬೇಕಾದೋರು ನೀವು."

"ಹೌದು."

"ನಾನೇ ಬೈಲಾ?"

"ಬೈಯೋಕೆ ನಾನಿದ್ದೀನಿ" ಎಂದಳು ಅಕ್ಕ. "ನೀವು ಏಣಿ ಹಿಡ್ಕೊಳ್ಳಿ ಸಾಕು."

ಮೂವರೂ ಸೇರಿ ಕಿತ್ತರು. ಅವನು ಚೆನ್ನಾಗಿ ಕೂರಿಸಿದ ಕಡೆಯಲ್ಲೇ ಹಾಳೆ ಹೆಚ್ಚು ಹರಿಯಿತು. ಆ ತುಂಡುಗಳನ್ನು ಅಕ್ಕ ಮರದ ಕೆಳಗೆ ಕೂತು ಜೋಡಿಸಿ ಹೊಲಿದಳು. ಸಂಜೆಯ ಹೊತ್ತಿಗೆ ಹಾಳೆ, ತಗಡಿನಿಂದ ನಾಲ್ಕು ಬೆರಳು ಕೆಳಗೆ ಕಟ್ಟಿದ ತಂತಿಗಳ ಮೇಲೆ, ತೇಪೆ ತೇಪೆಯಾಗಿ, ಹೊಟ್ಟೆ ಜೋತುಬಿಟ್ಟುಕೊಂಡು ಮಲಗಿತ್ತು.

ಮರುದಿನದಿಂದ ಸೀಟಣ್ಣ ಬಟ್ಟೆ ಕತ್ತರಿಸುವ ಕೆಲಸವನ್ನು ಒಳಗೇ ತಂದುಕೊಂಡ. ಮಧ್ಯಾಹ್ನವೆಲ್ಲ ಅಕ್ಕನ ಪಕ್ಕದಲ್ಲಿ ಸ್ಟೂಲು ಹಾಕಿ ಕೂರುತ್ತಾನೆ. ಸೆಕೆ ಇಲ್ಲವೆಂದಲ್ಲ, ತಲೆ ಸುತ್ತುವುದಿಲ್ಲ ಅಷ್ಟೆ. ಈಗ ಹೇಗಿದೆ ಎಂದು ಕೇಳಲು ಮಾತ್ರ ಅವನಿಗೆ ನಾಲಿಗೆ ಏಳುವುದಿಲ್ಲ.

ಮೂರನೆಯ ದಿನ ಅಕ್ಕನೇ ದಾರ ಪೋಣಿಸುತ್ತಾ ಹೇಳಿದಳು: "ಇವತ್ತು ಪರವಾಗಿಲ್ಲ. ಆಗದಿದ್ದ ದಿನ ಹೇಳ್ತೀನಿ."

"ಹೇಳಕ್ಕ" ಎಂದ ಅವನು, ಕತ್ತರಿಯಿಂದ ಕಣ್ಣು ತೆಗೆಯದೆ.